ಕಾಫಿ ಕಣದಲ್ಲಿ ‘ರಕ್ತದ ಮದುವೆ’

ಸ್ಪೇನಿನ ಕವಿ, ನಾಟಕಕಾರ ಫೆದೆರಿಕೊ ಗಾರ್ಸಿಯಾ ಲೋರ್ಕಾ ಬರೆದ ‘ರಕ್ತದ ಮದುವೆ’ ನಾಟಕವನ್ನು ಬರುವ ಮಾರ್ಚ್ ಕೊನೆಯಲ್ಲಿ ಆಡಬೇಕು ಅಂತ ನಮ್ಮ ತಂಡ ಗಟ್ಟಿ ಮಾಡಿದೆ. ಸುಂಟಿಕೊಪ್ಪದ ಹತ್ತಿರ ಪರಿಚಯದವರೊಬ್ಬರು ತಮ್ಮ ತೋಟದ ಕಾಫಿ ಕಣ, ಅಂದರೆ ಕಾಫಿ ಒಣಗಿಸುವ ಸಿಮೆಂಟ್ ಅಂಗಳ, ಬಿಟ್ಟುಕೊಡುತ್ತಿದ್ದಾರೆ. ವಿಷಯ ತಿಳಿದವರೆಲ್ಲ ಒಂದೇ ಮಾತು ಕೇಳುತ್ತಾರೆ. ‘ಅದು ಸ್ಪೇನಿನ ಬರಡು ಸೀಮೆಯ ಕತೆ ಅಲ್ವಾ? ಇಷ್ಟು ಮಳೆ ಬೀಳುವ ಕೊಡಗಿನಲ್ಲಿ ಅದು ಹೇಗೆ ಹೊಂದುತ್ತದೆ?’ ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಾಟಕ ಗೊತ್ತಿಲ್ಲದವರಿಗೆ ಕತೆ ಇಷ್ಟು. ಒಬ್ಬ ತಾಯಿ. ಅವಳ ಗಂಡ, ದೊಡ್ಡ ಮಗ ಇಬ್ಬರೂ ಫೆಲಿಕ್ಸ್ ಮನೆಯವರ ಕೈಯಲ್ಲಿ ಸತ್ತಿದ್ದಾರೆ. ಉಳಿದಿರುವುದು ಒಬ್ಬನೇ ಮಗ. ಅವನಿಗೆ ದೂರದ ಒಣ ಸೀಮೆಯ ಹುಡುಗಿಯ ಜೊತೆ ಮದುವೆ ಗೊತ್ತಾಗುತ್ತದೆ. ಆ ಹುಡುಗಿ ಹಿಂದೆ ಲಿಯೊನಾರ್ಡೊ ಎಂಬವನನ್ನು ಇಷ್ಟಪಟ್ಟಿದ್ದಳು. ಅವನು ಫೆಲಿಕ್ಸ್ ಮನೆಯವನೇ. ಈಗ ಅವಳ ಸಂಬಂಧಿಕಳನ್ನೇ ಮದುವೆಯಾಗಿದ್ದಾನೆ, ಮನೆಯಲ್ಲಿ ಒಂದು ಕೂಸಿದೆ, ಹೆಂಡತಿ ಮತ್ತೆ ಬಸುರಿ. ಮದುವೆಯ ದಿನ, ಊಟ ಕುಣಿತ ನಡೆಯುತ್ತಿರುವಾಗಲೇ, ಮದುಮಗಳು ಲಿಯೊನಾರ್ಡೊನ ಕುದುರೆ ಹತ್ತಿ ಹೋಗಿಬಿಡುತ್ತಾಳೆ. ಮದುಮಗ ಬೆನ್ನು ಹತ್ತುತ್ತಾನೆ. ಕಾಡಿನಲ್ಲಿ ಇಬ್ಬರು ಗಂಡಸರೂ ಒಬ್ಬರನ್ನೊಬ್ಬರು ಇರಿದುಕೊಂಡು ಸಾಯುತ್ತಾರೆ.

ಇದರ ಹಿಂದೆ ನಡೆದ ಘಟನೆ ಇದೆ. 1928ರ ಜುಲೈಯಲ್ಲಿ ಅಲ್ಮೆರಿಯಾ ಪ್ರಾಂತ್ಯದ ನಿಹಾರ್ ಬಳಿ ಮದುಮಗಳೊಬ್ಬಳು ಮದುವೆಯ ಹಿಂದಿನ ರಾತ್ರಿ ತನ್ನ ಸೋದರ ಸಂಬಂಧಿಯ ಜೊತೆ ಹೊರಟುಹೋದಳು. ದಾರಿಯಲ್ಲೇ ಅವನ ಕೊಲೆಯಾಯಿತು. ಲೋರ್ಕಾ ಇದನ್ನು ಪೇಪರ್‌ನಲ್ಲಿ ಓದಿದ. ನಾಟಕ ರಂಗಕ್ಕೆ ಬಂದದ್ದು 1933ರ ಮಾರ್ಚ್ 8ರಂದು, ಮ್ಯಾಡ್ರಿಡ್‌ನ ಬೆಯಾತ್ರಿಸ್ ಥಿಯೇಟರ್‌ನಲ್ಲಿ. ನಿಜವಾದ ಮದುಮಗ ಸಾಯಲಿಲ್ಲ. ನಾಟಕದಲ್ಲಿ ಲೋರ್ಕಾ ಇಬ್ಬರನ್ನೂ ಸಾಯಿಸಿದ, ಏಕೆಂದರೆ ಅವನಿಗೆ ಬೇಕಿದ್ದದ್ದು ಪೊಲೀಸ್ ಕತೆ ಅಲ್ಲ. ಕೊನೆಗೆ ಮನೆಯಲ್ಲಿ ಉಳಿಯುವ ಹೆಂಗಸರು ಅವನಿಗೆ ಬೇಕಿದ್ದರು.

ಈ ನಾಟಕವನ್ನು ಪ್ರೇಮದ ನಾಟಕ ಅಂತ ಆಡುವವರೇ ಜಾಸ್ತಿ. ನನಗೆ ಇದು ನೀರಿನ ನಾಟಕ. ಪಠ್ಯ ತೆಗೆದು ನೋಡಿ. ಲಿಯೊನಾರ್ಡೊನ ಮನೆಯಲ್ಲಿ ಕೂಸಿಗೆ ಹಾಡುವ ಜೋಗುಳದಲ್ಲಿ ಒಂದು ದೊಡ್ಡ ಕುದುರೆ ಇದೆ. ಹೊಳೆಯ ತನಕ ಬಂದು ನೀರು ಬೇಡ ಅಂತ ನಿಲ್ಲುವ ಕುದುರೆ. ಸತ್ತ ಮಗನ ರಕ್ತದ ಬಗ್ಗೆ ತಾಯಿ ಹೇಳುತ್ತಾಳೆ: ಅದೊಂದು ಚಿಲುಮೆ, ಒಂದೇ ನಿಮಿಷ ಹರಿಯಿತು, ನಮಗೆ ಅದಕ್ಕೆ ವರ್ಷಗಟ್ಟಲೆ ಬೇಕಾಗಿತ್ತು. ಕೊನೆಯ ದೃಶ್ಯದಲ್ಲಿ ಮದುಮಗಳು ಅತ್ತೆಯ ಎದುರು ನಿಂತು ಹೇಳುವುದೂ ನೀರಿನ ಮಾತೇ. ನಾನು ಸುಟ್ಟುಹೋದ ಹೆಣ್ಣು. ನಿಮ್ಮ ಮಗ ನನಗೆ ಒಂದಿಷ್ಟು ನೀರು, ಮಕ್ಕಳು, ನೆಲ, ಆರೋಗ್ಯ. ಆದರೆ ಆ ಇನ್ನೊಬ್ಬ ಕೊಂಬೆರೆಂಬೆ ತುಂಬಿಕೊಂಡು ಬಂದ ಕಪ್ಪು ನದಿ.

ಕೊಡಗಿನಲ್ಲಿ ಪ್ರವಾಹ, ಭೂಕುಸಿತ ಆದ 2018ರ ಆಗಸ್ಟ್ ಕಂಡ ಯಾರಿಗೂ ಆ ಕಪ್ಪು ನದಿಯನ್ನು ನಾನು ವಿವರಿಸಬೇಕಾಗಿಲ್ಲ. ಮದುಮಗಳ ಪಾತ್ರದ ಹುಡುಗಿ ಮಕ್ಕಂದೂರು ಕಡೆಯವಳು. ಆ ಸಾಲನ್ನು ಮೊದಲ ಸಲ ಓದಿದಾಗಲೇ ದನಿ ತಾನಾಗಿ ಇಳಿಯಿತು. ನಾನು ಏನೂ ಹೇಳಿಕೊಡಲಿಲ್ಲ.

ಹಾಗಾದರೆ ನದಿ ಸಿಕ್ಕಿತು. ಬಾಯಾರಿಕೆ? ಅಲ್ಮೆರಿಯಾ ಯುರೋಪಿನ ಬಹಳ ಒಣ ಜಾಗಗಳಲ್ಲಿ ಒಂದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದಿಲ್ಲ. ಆದರೆ ಕೊಡಗಿನಲ್ಲೂ ಒಂದು ಬಾಯಾರಿಕೆ ಇದೆ, ಬೆಳೆಗಾರರ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು. ಕೊಯ್ಲು ಮುಗಿದು, ಫೆಬ್ರವರಿ ಮಾರ್ಚ್ ಬಂದು, ಗಿಡದ ಗೆಣ್ಣುಗಳಲ್ಲಿ ಮೊಗ್ಗು ಬಲಿತು ನಿಲ್ಲುತ್ತದಲ್ಲ, ಆ ದಿನಗಳು. ಮೊಗ್ಗು ಅರಳಬೇಕಾದರೆ ಒಂದು ಹದವಾದ ಹೂ ಮಳೆ ಬೀಳಬೇಕು. ಬರದಿದ್ದರೆ ಮೊಗ್ಗು ಕರಟುತ್ತದೆ. ಅರೆಬರೆ ಹನಿದರೆ ಇನ್ನೂ ಕೆಟ್ಟದ್ದು, ಹೂ ಪೂರ್ತಿ ಬಿಡಿಸಿಕೊಳ್ಳದೆ ಹಾಳಾಗುತ್ತದೆ. ಇಡೀ ವರ್ಷದ ಸಾಲ, ಸ್ಕೂಲ್ ಫೀಸು, ಮದುವೆ ಖರ್ಚು ಎಲ್ಲ ಆ ಒಂದು ಸಂಜೆಯ ಮೋಡಕ್ಕೆ ಕಟ್ಟಿಕೊಂಡಿರುತ್ತದೆ. ಆಗ ಯಾರ ಮನೆಗೆ ಫೋನ್ ಮಾಡಿದರೂ ಮೊದಲ ಮಾತು, ‘ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?’ ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು ಮಳೆ. ಪಕ್ಕದ ತೋಟಕ್ಕೆ ಒಂದಿಂಚು ಬಿದ್ದು ನಮಗೆ ಹತ್ತು ಸೆಂಟ್ ಮಾತ್ರ ಬಿದ್ದ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡುವುದಿಲ್ಲ.

ನನ್ನ ನಾಟಕ ನಡೆಯುವುದು ಆ ದಿನಗಳಲ್ಲಿ.

ಇದನ್ನು ಹೊಳೆಯಿಸಿದ್ದು ಪಠ್ಯದ ಒಂದು ಚಿಕ್ಕ ವಿವರ. ಮದುವೆ ಮಾತುಕತೆಯ ದೃಶ್ಯದಲ್ಲಿ ಹಿರಿಯರು ದಿನ ಗೊತ್ತು ಮಾಡುತ್ತಾರೆ: ಬರುವ ಗುರುವಾರ, ಹುಡುಗಿಗೆ ಸರಿಯಾಗಿ 22 ತುಂಬುವ ದಿನ. ಅಂದರೆ ನಡುವೆ ಇರುವುದು ಒಂದು ವಾರದ ಆಸುಪಾಸು. ಹೂ ಮಳೆ ಬಿದ್ದ ಮೇಲೆ ಕಾಫಿ ಅರಳುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕು. ರೊಬಸ್ಟಾ ತಳಿ ಆದರೆ ಎಂಟನೇ ದಿನದ ಹೊತ್ತಿಗೆ ತೋಟ ಬೆಳ್ಳಗೆ.

ಮೊದಲ ಅಂಕ ಮುಗಿಯುವುದು ಹುಡುಗಿಯ ಮನೆಯಲ್ಲಿ. ಬೀಗರು ಹೋಗಿದ್ದಾರೆ. ತಂದ ಉಡುಗೊರೆಗಳನ್ನು ಬಿಚ್ಚಿ ನೋಡಲು ಹುಡುಗಿಗೆ ಮನಸ್ಸಿಲ್ಲ. ಕೆಲಸದವಳು ಕೇಳುತ್ತಾಳೆ, ನಿನ್ನೆ ರಾತ್ರಿ ಮೂರು ಗಂಟೆಗೆ ಕುದುರೆ ಸದ್ದು ಕೇಳಿಸಿತಾ? ಯಾವುದೋ ಬಿಡಾಡಿ ಕುದುರೆ ಇರಬೇಕು ಅನ್ನುತ್ತಾಳೆ ಹುಡುಗಿ. ಇಲ್ಲ, ಮೇಲೆ ಸವಾರ ಇದ್ದ, ಲಿಯೊನಾರ್ಡೊ. ಸುಳ್ಳು ಅನ್ನುತ್ತಾಳೆ. ಅಷ್ಟರಲ್ಲಿ ಮತ್ತೆ ಕುದುರೆಯ ಸದ್ದು. ಹೌದು, ಅವನೇ. ಅಲ್ಲಿ ಪರದೆ. ನಾನು ಆ ಕುದುರೆ ಸದ್ದಿನ ಮೇಲೆ ಮಳೆ ಸುರಿಸುತ್ತೇನೆ. ತಗಡಿನ ಮಾಡಿನ ಮೇಲೆ ಮೊದಲ ದಪ್ಪ ಹನಿಗಳು, ಆಮೇಲೆ ಒಮ್ಮೆಲೇ ಜೋರು. ಮನೆಯ ಅಪ್ಪ ಹೊರಗೆ ಓಡಿಬಂದು ಅಂಗಳದಲ್ಲಿ ಮುಖವೆತ್ತಿ ನಿಲ್ಲುತ್ತಾನೆ, ವರ್ಷದಲ್ಲಿ ಅವನಿಗೆ ಅದಕ್ಕಿಂತ ದೊಡ್ಡ ಖುಷಿ ಇಲ್ಲ. ಒಳಗೆ ಮಗಳಿಗೆ ಜೀವ ಹೋಗುತ್ತಿದೆ. ಈ ಒಂದು ಚಿತ್ರ ಬಿಟ್ಟರೆ ಲೋರ್ಕಾನ ಕತೆಗೆ ನಾನು ಬೇರೆ ಘಟನೆ ಯಾವುದನ್ನೂ ಸೇರಿಸುತ್ತಿಲ್ಲ.

ಎರಡನೇ ಅಂಕ, ಮದುವೆಯ ದಿನ. ಸುತ್ತ ಕಾಫಿ ಹೂ. ವಾಸನೆ ಮಾತ್ರ ರಂಗಕ್ಕೆ ತರಲಾಗದು. ಆದರೆ ಮಾರ್ಚ್ ಕೊನೆಗೆ ಆ ಕಣದ ಸುತ್ತ ಹೂ ಇದ್ದರೂ ಇರಬಹುದು. ಕಾಫಿ ಹೂವನ್ನು ನಮ್ಮಲ್ಲಿ ಯಾರೂ ಮುಡಿಯುವುದಿಲ್ಲ, ಕಿತ್ತರೆ ಫಸಲು ಹೋಯಿತು. ನಾಟಕದಲ್ಲಿ ಮದುಮಗಳಿಗೆ ತಲೆಗೆ ಕಿತ್ತಳೆ ಹೂವಿನ ದಂಡೆ. ಮದುಮಗ ತಂದದ್ದು ಮೇಣದ ಹೂ. ಪೂರ್ತಿ ಮೇಣ, ಯಾವತ್ತೂ ಬಾಡುವುದಿಲ್ಲ ಅಂತ ಅವನು ಹೆಮ್ಮೆಯಿಂದ ಹೇಳುತ್ತಾನೆ. ಕಿತ್ತಳೆ ಕೊಡಗಿಗೆ ಹೊಸದಲ್ಲ, ಒಂದು ಕಾಲಕ್ಕೆ ಕಾಫಿ ನಡುವೆ ಎಲ್ಲೆಲ್ಲೂ ಇತ್ತು. ಹಾಗಾಗಿ ದಂಡೆಯನ್ನು ಹಾಗೇ ಇಟ್ಟಿದ್ದೇನೆ. ಸುತ್ತ ಎರಡು ದಿನಕ್ಕೆ ಕಂದುವ ಸಾವಿರಾರು ಹೂ, ಅವಳ ತಲೆಯ ಮೇಲೆ ಮಾತ್ರ ಬಾಡದ ಹೂ. ಬೆಳಿಗ್ಗೆಯೇ ಅವಳು ಅದನ್ನು ನೆಲಕ್ಕೆ ಎಸೆಯುತ್ತಾಳೆ.

ಈಗ ಆಸ್ತಿಯ ವಿಷಯ. ಮದುಮಗನ ಮನೆಯವರು ಅನುಕೂಲಸ್ಥರು, ದ್ರಾಕ್ಷಿ ತೋಟ ಉಂಟು. ಹುಡುಗಿಯ ಅಪ್ಪನದು ಬೆವರು ಸುರಿಸಿ ಬಗ್ಗಿಸಿದ ಒಣ ನೆಲ. ಲಿಯೊನಾರ್ಡೊನ ಹತ್ತಿರ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆ ಬಡತನವೇ ಮೊದಲು ತನ್ನನ್ನು ದೂರ ಮಾಡಿತು ಅಂತ ಅವನು ಹುಡುಗಿಯ ಮುಖಕ್ಕೇ ಹೇಳುತ್ತಾನೆ. ಇದನ್ನು ತೋರಿಸಲು ನನಗೆ ಬಟ್ಟೆಬರೆ, ಕುರ್ಚಿ ಮೇಜು ಬೇಡ. ಒಂದು ಸದ್ದು ಸಾಕು: ಸ್ಪ್ರಿಂಕ್ಲರ್. ದೊಡ್ಡ ಕೆರೆ ಇದ್ದವರು ಮಳೆಗೆ ಕಾಯುವುದಿಲ್ಲ, ಫೆಬ್ರವರಿಯಲ್ಲೇ ಪೈಪ್ ಎಳೆದು ಜೆಟ್ ಬಿಡುತ್ತಾರೆ. ತಾಯಿ ಮತ್ತು ಮಗನ ಮೊದಲ ದೃಶ್ಯದಲ್ಲಿ ಹಿಂದಿನಿಂದ ಅದು ಬರುತ್ತಲೇ ಇರುತ್ತದೆ. ಟಿಕ್ ಟಿಕ್ ಟಿಕ್ ಅಂತ ಒಂದು ಕಡೆ ಹೋಗಿ, ಸರ್ರನೆ ತಿರುಗಿ ಬರುವ ಆ ಸದ್ದು. ಮುಂದಿನ ದೃಶ್ಯ ಲಿಯೊನಾರ್ಡೊನ ಮನೆ. ಸದ್ದು ಪಟ್ಟನೆ ನಿಲ್ಲುತ್ತದೆ. ಎರಡು ಹೆಂಗಸರ ಜೋಗುಳ ಮಾತ್ರ. ನಮ್ಮ ಪ್ರೇಕ್ಷಕರಿಗೆ ಅಷ್ಟರಿಂದಲೇ ಯಾರ ಮನೆ ಹೇಗೆ ಅಂತ ಗೊತ್ತಾಗುತ್ತದೆ.

ಹುಡುಗಿಯ ಅಪ್ಪನ ಒಂದು ಮಾತಿದೆ. ತನಗೆ ಭೂಮಿಯೆಲ್ಲ ಒಟ್ಟಿಗೆ ಇರಬೇಕು. ತನ್ನ ಜಮೀನಿನ ನಡುವೆ ಯಾರದೋ ಒಂದು ಸಣ್ಣ ತೋಟ ಸಿಕ್ಕಿಕೊಂಡಿದೆ, ಲೋಕದ ಚಿನ್ನವೆಲ್ಲ ಕೊಟ್ಟರೂ ಅವರು ಮಾರುವುದಿಲ್ಲ, ಅದು ಎದೆಯಲ್ಲಿ ಮುಳ್ಳಿನ ಹಾಗೆ ಇದೆ ಅನ್ನುತ್ತಾನೆ. ಓದಿದ ದಿನ ತಾಲೀಮಿನಲ್ಲಿ ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು. ಇಂಥ ಮುಳ್ಳು ಇಲ್ಲದ ಬೆಳೆಗಾರ ನಮ್ಮಲ್ಲಿ ಯಾರಿದ್ದಾರೆ? ಆ ಪಾತ್ರ ಮಾಡುವವರು ಔಷಧಿ ಅಂಗಡಿ ಇಟ್ಟುಕೊಂಡಿದ್ದಾರೆ, ಅವರದೂ ಮೂರು ಏಕರೆ ತೋಟ ಇದೆ. ಆ ಸಾಲು ಹೇಳುವಾಗ ಅವರು ಯಾರನ್ನೂ ನೋಡುವುದಿಲ್ಲ, ದೂರದಲ್ಲಿ ಕಾಣುವ ಬೇಲಿಯನ್ನು ನೋಡುತ್ತಾರೆ. ಬಹಳ ಒಳ್ಳೆಯ ಅಭಿನಯ.

ಹೆಸರುಗಳ ಬಗ್ಗೆ ನಾನು ಬಹಳ ಯೋಚನೆ ಮಾಡಿದ್ದೇನೆ. ಈ ನಾಟಕದಲ್ಲಿ ಲಿಯೊನಾರ್ಡೊ ಒಬ್ಬನನ್ನು ಬಿಟ್ಟರೆ ಮುಖ್ಯ ಪಾತ್ರಗಳಿಗೆ ಯಾರಿಗೂ ಹೆಸರಿಲ್ಲ. ತಾಯಿ, ಮದುಮಗ, ಮದುಮಗಳು, ಅಪ್ಪ, ಹೆಂಡತಿ, ಅಷ್ಟೇ. ಕೊಡಗಿನಲ್ಲಿ ಇಬ್ಬರು ಭೇಟಿಯಾದರೆ ಮೊದಲು ಕೇಳುವುದೇ ಮನೆ ಹೆಸರು. ಅದು ತಿಳಿದರೆ ಊರು, ಗದ್ದೆ, ನಂಟು, ಹಳೆ ಜಗಳ ಎಲ್ಲ ತಿಳಿದ ಹಾಗೆ. ಅಂಥ ಜನರ ಎದುರು ಈ ಹೆಸರಿಲ್ಲದವರನ್ನು ತಂದು ನಿಲ್ಲಿಸಬೇಕು. ನಡುವೆ ಕೇಳಿಬರುವ ಮನೆತನದ ಹೆಸರು ಒಂದೇ: ಫೆಲಿಕ್ಸ್. ನೆರೆಮನೆಯವಳು ಸುಮ್ನೆ ಮಾತಿನ ನಡುವೆ ಹೇಳಿಬಿಡುತ್ತಾಳೆ, ಹುಡುಗಿ ಹಿಂದೆ ಇಷ್ಟಪಟ್ಟದ್ದು ಫೆಲಿಕ್ಸ್ ಮನೆಯ ಲಿಯೊನಾರ್ಡೊನನ್ನು ಅಂತ. ಆ ಜಗಳ ಆದಾಗ ಅವನಿಗೆ ಎಂಟು ವರ್ಷ, ಅವನದೇನು ತಪ್ಪು ಅಂತಲೂ ಸೇರಿಸುತ್ತಾಳೆ. ತಾಯಿಗೆ ಆ ಹೆಸರು ಕೇಳಿದರೆ ಬಾಯಿ ತುಂಬ ಕೆಸರು ತುಂಬಿದ ಹಾಗೆ. ಉಗುಳುತ್ತಾಳೆ.

ತಾಯಿಯ ಪಾತ್ರ ಮಾಡುತ್ತಿರುವವರು ನಿವೃತ್ತ ಅಂಗನವಾಡಿ ಟೀಚರ್. ಉಗುಳುವುದು ಅವರಿಗೆ ಒಗ್ಗಲಿಲ್ಲ. ‘ನೋಡಮ್ಮ, ನಮ್ಮ ಮನೆಯ ಹೆಂಗಸರು ಹೀಗೆ ಉಗುಳುವುದಿಲ್ಲ. ನಾನು ಬೇರೆ ಮಾಡ್ತೇನೆ’ ಅಂದರು. ‘ಮಾಡಿ ಟೀಚರ್’ ಅಂದೆ. ಅವರು ಅಕ್ಕಿ ಆರಿಸುತ್ತಿದ್ದರು. ಹೆಸರು ಕಿವಿಗೆ ಬಿದ್ದದ್ದೇ ಕೈ ನಿಂತಿತು. ಮೊರದಿಂದ ಒಂದು ಕಲ್ಲು ಹೆಕ್ಕಿ, ಅದನ್ನು ಎಸೆಯದೆ, ನೆಲದ ಮೇಲೆ ತನ್ನ ಪಕ್ಕದಲ್ಲೇ ಇಟ್ಟರು. ಆಮೇಲೆ ಮತ್ತೆ ಆರಿಸತೊಡಗಿದರು. ದೃಶ್ಯ ಮುಗಿಯುವ ತನಕ ಆ ಕಲ್ಲು ಅಲ್ಲೇ. ಉಗುಳುವುದನ್ನು ನಾನು ತೆಗೆದುಬಿಟ್ಟೆ.

ಮನೆ ಹೆಸರು ಇಲ್ಲದ ಮೇಲೆ ಜನಾಂಗದ ಉಡುಪೂ ಇಲ್ಲ. ಕೊಡವರ ಕುಪ್ಯ ಚೇಲೆ ಹಾಕಿಸಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ವಾಲಗ ಊದಿಸಿದರೆ ನೋಡಲು ಚೆನ್ನಾಗಿರುತ್ತದೆ ಅಂತ ಸಲಹೆ ಕೊಟ್ಟವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಈ ಹಗೆ, ಈ ಕೊಲೆ ಒಂದು ಜನಾಂಗದ್ದು ಆಗಿಬಿಡುತ್ತದೆ. ನಮ್ಮ ತಂಡದಲ್ಲಿ ಕೊಡವರು, ಅರೆಭಾಷೆ ಗೌಡರು, ಬ್ಯಾರಿಗಳು, ಮಲಯಾಳ ಮಾತಾಡುವವರು ಎಲ್ಲ ಇದ್ದಾರೆ. ಮದುವೆ ಮನೆಗೆ ಹೊರಟಾಗ ಅವರು ಉಡುವ ಸಾದಾ ಸೀರೆ, ಪಂಚೆ, ಪ್ಯಾಂಟು ಅಂಗಿಯೇ ಸಾಕು. ಸ್ಪೇನಿನ ಗಿಟಾರ್, ಫ್ಲಮೆಂಕೊ ಕುಣಿತ ಕೂಡ ಬೇಡ. ಲಿಯೊನಾರ್ಡೊಗೆ ಕುದುರೆಯ ಬದಲು ಜೀಪ್ ಕೊಡೋಣ ಅನ್ನುವ ಮಾತೂ ಬಂತು. ಜೀಪಿಗೆ ಬಾಯಾರಿಕೆ ಇಲ್ಲ, ಅದು ಬೆವರುವುದಿಲ್ಲ. ಕುದುರೆ ಇರುತ್ತದೆ, ಸದ್ದಾಗಿ ಮಾತ್ರ. ಕಾಫಿ ಕೆದಕುವ ಮರದ ಹಲಗೆಯನ್ನು ಸಿಮೆಂಟ್ ಕಣಕ್ಕೆ ಬಡಿದರೆ ಗೊರಸಿನ ಸದ್ದು ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತಾ?

ಕತ್ತಿಯ ವಿಷಯಕ್ಕೆ ಬರುತ್ತೇನೆ. ನಾಟಕ ಶುರುವಾಗುವುದೇ ಅದರಿಂದ. ಮಗ ದ್ರಾಕ್ಷಿ ಕೊಯ್ಯಲು ಚೂರಿ ಕೇಳುತ್ತಾನೆ. ತಾಯಿ ಶಾಪ ಹಾಕುತ್ತಾಳೆ: ಚೂರಿಗೆ, ಕೋವಿಗೆ, ಪಿಸ್ತೂಲಿಗೆ, ಗುದ್ದಲಿಗೂ ಸಹ. ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತಕ್ಕೆ ಕೋವಿ ಕತ್ತಿಗಳನ್ನು ತೊಳೆದು ಹೂವಿಟ್ಟು ಪೂಜೆ ಮಾಡುವ ನಾಡಿದು. ಇಲ್ಲಿ ಒಬ್ಬ ತಾಯಿ ಎಲ್ಲರೆದುರು ಅವುಗಳನ್ನು ಶಪಿಸಿದರೆ ಅದು ಸಣ್ಣ ಮಾತಾಗುವುದಿಲ್ಲ. ಆ ಭಾರ ನನಗೆ ಬೇಕು. ಹಾಗಾಗಿ ರಂಗದ ಮೇಲೆ ಒಂದು ಕತ್ತಿಯನ್ನೂ ತೋರಿಸುವುದಿಲ್ಲ. ಮಗ ಚಾಚಿದ ಖಾಲಿ ಕೈ ಮಾತ್ರ.

ಅದೇ ತಾಯಿ ಎರಡನೇ ಅಂಕದ ಕೊನೆಯಲ್ಲಿ ಏನು ಮಾಡುತ್ತಾಳೆ ನೋಡಿ. ಇಬ್ಬರೂ ಓಡಿಹೋದ ಸುದ್ದಿ ಬಂದಿದೆ. ಮಗನಿಗೆ ಹೇಳುತ್ತಾಳೆ, ಹೋಗು, ಬೆನ್ನು ಹತ್ತು. ಮರುಕ್ಷಣ, ಬೇಡ, ಹೋಗಬೇಡ, ಆ ಜನ ಕೊಲ್ಲುವುದರಲ್ಲಿ ಪಳಗಿದವರು. ಮರುಕ್ಷಣ, ಇಲ್ಲ, ಓಡು, ನಿನ್ನ ಹಿಂದೆ ನಾನೂ ಬರುತ್ತೇನೆ. ಮೂರೇ ಸಾಲು. ನನ್ನ ಪ್ರಕಾರ ಇಡೀ ದುರಂತ ಇರುವುದು ಇಲ್ಲಿ. ಕಾಡಿನಲ್ಲಿ ಆಗುವುದು ಇದರ ಉಳಿದ ಭಾಗ. ಕೆಲವು ನಿರ್ದೇಶಕರು ಈ ಮಾತುಗಳನ್ನು ಗದ್ದಲದಲ್ಲಿ ಓಡಿಸಿಬಿಡುತ್ತಾರೆ. ನಾನು ಮದುವೆ ಮನೆಯ ಎಲ್ಲ ಸದ್ದು ನಿಲ್ಲಿಸುತ್ತೇನೆ. ‘ಬೇಡ’ ಮತ್ತು ‘ಓಡು’ ನಡುವೆ ಟೀಚರ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೋ ಅಷ್ಟು ಹೊತ್ತು ಪ್ರೇಕ್ಷಕರೂ ಅವರ ಜೊತೆ ಇರಬೇಕು. ಆ ಹೊತ್ತಿನಲ್ಲಿ ಅವರಿಗೆ ಮಗನನ್ನು ಉಳಿಸಿಕೊಳ್ಳಬಹುದಿತ್ತು.

ಮೂರನೇ ಅಂಕದ ಕಾಡು. ಲೋರ್ಕಾ ಇಲ್ಲಿ ಮೂವರು ಮರ ಕಡಿಯುವವರನ್ನು, ಬಿಳಿ ಮುಖದ ಮರಕಡುಕ ಹುಡುಗನ ರೂಪದಲ್ಲಿ ಚಂದ್ರನನ್ನು, ಭಿಕ್ಷುಕಿಯ ರೂಪದಲ್ಲಿ ಸಾವನ್ನು ತರುತ್ತಾನೆ. ನಮ್ಮ ಕಾಡಿನಲ್ಲಿ ರಾತ್ರಿ ಕಿವಿಗೊಟ್ಟು ನಿಲ್ಲುವವರು ಯಾರು? ಆನೆ ಓಡಿಸುವವರು. ಕೊಂಬೆ ಮುರಿದ ಸದ್ದು ಕೇಳಿದರೆ ಎಲ್ಲಿ, ಎಷ್ಟು ದೂರ ಅಂತ ಹೇಳಬಲ್ಲವರು. ನನ್ನ ಮೂವರು ಹಾಗೆ ನಿಲ್ಲುತ್ತಾರೆ, ಪಿಸುಮಾತಿನಲ್ಲಿ ಮಾತಾಡುತ್ತಾರೆ, ಮಾತು ಮಾತ್ರ ಲೋರ್ಕಾನದೇ. ಚಂದ್ರನ ಹಣೆಯಲ್ಲಿ ಹೆಡ್‌ಲೈಟ್ ಟಾರ್ಚ್. ಚಂದ್ರ ಚಳಿಯಿಂದ ನಡುಗುತ್ತಾನೆ, ಬೆಚ್ಚಗಾಗಲು ಒಂದು ಎದೆ ಬೇಕು ಅವನಿಗೆ. ಅವನು ಎತ್ತ ತಿರುಗುತ್ತಾನೋ ಅತ್ತ ಮಾತ್ರ ಬೆಳಕು. ಓಡಿಹೋದವರ ಮೇಲೆ ಆ ಬೆಳಕು ಬಿದ್ದಾಗ ಅವರಿಗೆ ಅಡಗಲು ಜಾಗವಿಲ್ಲ. ಇದಕ್ಕೆ ಕತ್ತಲು ಬೇಕು, ಅದಕ್ಕೇ ಅಮಾವಾಸ್ಯೆಯ ಆಸುಪಾಸಿನ ದಿನ ನೋಡುತ್ತಿದ್ದೇವೆ. ಕೊಲೆ ಕಾಣುವುದಿಲ್ಲ. ಎರಡು ಚೀತ್ಕಾರ ಕೇಳಿಸುತ್ತದೆ. ಲೋರ್ಕಾ ಬರೆದದ್ದೂ ಹಾಗೆಯೇ.

ಕೊನೆಯ ದೃಶ್ಯಕ್ಕೆ ಅವನು ಕೇಳಿದ್ದು ಬಿಳಿ ಕೋಣೆ. ಗೋಡೆ, ನೆಲ ಎಲ್ಲ ಬಿಳಿ, ನೆರಳಿನ ಒಂದು ಎಳೆಯೂ ಇರಬಾರದು. ಇಬ್ಬರು ಹುಡುಗಿಯರು ಕೆಂಪು ನೂಲಿನ ಉಂಡೆ ಸುತ್ತುತ್ತಿರುತ್ತಾರೆ. ಗೋಡೆಯ ಬದಲು ನನಗೆ ಕಣವೇ ಸಾಕು. ಇಡೀ ಸಿಮೆಂಟ್ ನೆಲಕ್ಕೆ ಸುಣ್ಣ ಬಳಿಯುತ್ತೇವೆ, ಮನೆಯವರ ಒಪ್ಪಿಗೆ ಸಿಕ್ಕಿದೆ. ತಾಯಿ ಈಗ ಹೆದರದೆ ಮಲಗಬಹುದು, ಕೊಲ್ಲಲು ಅವಳ ಮನೆಯಲ್ಲಿ ಇನ್ನು ಯಾರೂ ಉಳಿದಿಲ್ಲ. ಆಮೇಲಿನ ಸಾವಿನ ಹಾಡು ಇನ್ನೂ ಕುದುರಿಲ್ಲ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಪ್ರಕಟಿಸಿದ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯಲ್ಲಿ ಮದುವೆಯ ಹಾಡುಗಳೂ ಇವೆ, ಸಾವಿನ ಹಾಡುಗಳೂ ಇವೆ. ಅವುಗಳ ನಡೆ, ಸಾಲಿನ ಮೇಲೆ ಸಾಲು ಸಮನಾಗಿ ಹೋಗುವ ಆ ರೀತಿ, ನನ್ನ ಕಿವಿಯಲ್ಲಿದೆ. ಆದರೆ ಹಾಡನ್ನೇ ಎತ್ತಿಕೊಳ್ಳುವುದಿಲ್ಲ, ಅದು ಸಾವಿನ ಮನೆಗೆ ಸೇರಿದ್ದು. ಮೂವರು ಹೆಂಗಸರು ವಾದ್ಯವಿಲ್ಲದೆ ಹೇಳಬೇಕು. ಸದ್ಯಕ್ಕೆ ಅದು ತುಂಬ ಸಂಗೀತವಾಗಿ ಕೇಳಿಸುತ್ತಿದೆ, ಇನ್ನೂ ಒರಟಾಗಬೇಕು.

ಲೋರ್ಕಾ ತಾನೂ 1932ರಿಂದ ‘ಲಾ ಬರ್ರಾಕಾ’ ಎಂಬ ವಿದ್ಯಾರ್ಥಿ ತಂಡ ಕಟ್ಟಿಕೊಂಡು, ಲಾರಿಯಲ್ಲಿ ಸಾಮಾನು ಹೇರಿ, ಸ್ಪೇನಿನ ಹಳ್ಳಿಹಳ್ಳಿಯ ಚೌಕಗಳಲ್ಲಿ ಹಳೆಯ ನಾಟಕಗಳನ್ನು ಆಡಿಸಿದವನು. 1936ರ ಆಗಸ್ಟ್‌ನಲ್ಲಿ ಗ್ರನಾಡಾದ ಹತ್ತಿರ ಅವನನ್ನು ಗುಂಡಿಟ್ಟು ಕೊಂದರು. ಆಗ ಅವನಿಗೆ 38. ಅವನ ದೇಹ ಇವತ್ತಿನ ತನಕ ಸಿಕ್ಕಿಲ್ಲ. ಬಯಲಿನಲ್ಲಿ, ದುಡಿಯುವ ಜನ ಕೂತು ನೋಡುವ ಹಾಗೆ ಆಡುವುದು ಅವನಿಗೆ ಇಷ್ಟವಾಗುತ್ತಿತ್ತು ಅಂತ ನಾನು ನಂಬಿದ್ದೇನೆ. ಅದಕ್ಕೇ ಟಿಕೆಟ್ ಇಲ್ಲ. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಮೊದಲು ಹೋಗಿ ಕರೆಯುತ್ತೇವೆ. ಮೂರು ಕಡೆ ಟಾರ್ಪಾಲ್ ಹಾಸುತ್ತೇವೆ, ರಾತ್ರಿ ಚಳಿ ಇರುತ್ತದೆ, ಶಾಲು ತನ್ನಿ.

ಆಟದ ನಡುವೆ ನಿಜವಾದ ಹೂ ಮಳೆಯೇ ಬಂದರೆ ಏನು ಮಾಡ್ತೀರಿ ಅಂತಲೂ ಕೇಳಿದ್ದಾರೆ. ಆಟ ನಿಲ್ಲಿಸುತ್ತೇವೆ. ಆ ಮಳೆ ಬಿದ್ದದ್ದಕ್ಕೆ ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇರೆ ದಿನ ಗೊತ್ತು ಮಾಡಿ ಮೊದಲಿನಿಂದ ಆಡುತ್ತೇವೆ.

ಚಂದ್ರನ ಪಾತ್ರಕ್ಕೆ ಮಾತ್ರ ಇನ್ನೂ ಹುಡುಗ ಸಿಕ್ಕಿಲ್ಲ. ಇಪ್ಪತ್ತರ ಆಸುಪಾಸು, ಪದ್ಯ ಹೇಳಲು ಬರಬೇಕು, ಕತ್ತಲಲ್ಲಿ ಗಿಡಗಳ ನಡುವೆ ಸದ್ದಿಲ್ಲದೆ ನಡೆಯಲು ಗೊತ್ತಿರಬೇಕು. ಕುಶಾಲನಗರ, ಸೋಮವಾರಪೇಟೆ, ಮಾದಾಪುರ ಕಡೆ ಅಂಥವರು ಇದ್ದರೆ ಹೇಳಿ ಕಳಿಸಿ. ತಾಲೀಮು ಪ್ರತಿ ಭಾನುವಾರ ಬೆಳಿಗ್ಗೆ, ಅದೇ ಕಣದಲ್ಲಿ.